ಎರಡೂವರೆ ಅಶ್ವಶಕ್ತಿಯ ಬೆಲೆ

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಕೊಂಡ ಬಹಳ ಮಂದಿಗೆ ಮೊದಲ ವರ್ಷ ಕಳೆಯುವಷ್ಟರಲ್ಲಿ ಒಂದು ಆಸೆ ಹುಟ್ಟುತ್ತದೆ. ಗಾಡಿ ಚೆಂದ, ಅದರ ಸದ್ದು ಚೆಂದ, ಆದರೆ ಎಕ್ಸಿಲರೇಟರ್ ತಿರುವಿದಾಗ ಸಿಗುವ ಎಳೆತ ಇನ್ನಷ್ಟಿರಬೇಕಿತ್ತು ಅನ್ನಿಸುತ್ತದೆ. ಅಲ್ಲಿಂದ ಮುಂದಿನ ದಾರಿ ಹೆಚ್ಚುಕಡಿಮೆ ಎಲ್ಲರದೂ ಒಂದೇ. ಮೊದಲು ಫ್ರೀ ಫ್ಲೋ ಸೈಲೆನ್ಸರ್, ಅದಕ್ಕೆ ಹೊಂದುವ ಏರ್ ಫಿಲ್ಟರ್, ಬಳಿಕ ಇಂಧನದ ಪ್ರಮಾಣ ಬದಲಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಕೊನೆಗೆ ಕ್ಯಾಮ್, ಪಿಸ್ಟನ್, ಬೋರ್. ಒಂದೊಂದು ಹಂತದಲ್ಲೂ ಖರ್ಚು ಸಣ್ಣದಾಗಿಯೇ ಕಾಣುತ್ತದೆ. ನಾನು ದುಡ್ಡಿನ ಲೆಕ್ಕ ಬರೆಯುವವನು, ಹಳೆಯ ಶೈಲಿಯ ಮೋಟಾರ್‌ಸೈಕಲ್‌ಗಳನ್ನು ಮನಸಾರೆ ಮೆಚ್ಚುವವನೂ ಹೌದು. ಎರಡೂ ಕಡೆಯಿಂದ ತೂಗಿ ನೋಡಿದಾಗ ನನಗೆ ಸಿಗುವ ಉತ್ತರ ಒಂದೇ: ನಿತ್ಯ ರಸ್ತೆಯಲ್ಲಿ ಓಡುವ 350 ಎಂಜಿನ್‌ಗೆ ಗ್ಯಾರೇಜಿನಲ್ಲಿ ತುಂಬಿಸುವ ಅಶ್ವಶಕ್ತಿಯಷ್ಟು ದುಬಾರಿ ಅಶ್ವಶಕ್ತಿ ಇನ್ನೊಂದಿಲ್ಲ.

ಲೆಕ್ಕ ಹಾಕೋಣ. ಈಗಿನ ಕ್ಲಾಸಿಕ್‌ನ 349 ಸಿಸಿ ಎಂಜಿನ್ 6,100 ಆರ್‌ಪಿಎಂನಲ್ಲಿ 20.2 ಬಿಎಚ್‌ಪಿ, 4,000 ಆರ್‌ಪಿಎಂನಲ್ಲಿ 27 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಸೈಲೆನ್ಸರ್, ಫಿಲ್ಟರ್, ಎಲೆಕ್ಟ್ರಾನಿಕ್ ಪೆಟ್ಟಿಗೆ, ಡೈನೊ (ಶಕ್ತಿ ಅಳೆಯುವ ಯಂತ್ರ) ಮೇಲಿನ ಟ್ಯೂನಿಂಗ್, ಕೂಲಿ ಎಲ್ಲ ಸೇರಿ 45,000 ರೂಪಾಯಿ ಆಯಿತು, ಸಿಕ್ಕಿದ್ದು ಎರಡೂವರೆ ಬಿಎಚ್‌ಪಿ ಎಂದಿಟ್ಟುಕೊಳ್ಳಿ. ಇದು ಉದಾರವಾದ ಊಹೆ. ಹಾಗಿದ್ದರೂ ಒಂದು ಬಿಎಚ್‌ಪಿಗೆ 18,000 ರೂಪಾಯಿ ಬಿತ್ತು. ಅದೇ ಕಂಪನಿಯ ಇಂಟರ್‌ಸೆಪ್ಟರ್ 650ರಲ್ಲಿ 47 ಬಿಎಚ್‌ಪಿ ಇದೆ. ಎರಡು ಗಾಡಿಗಳ ಆನ್‌ರೋಡ್ ಬೆಲೆಯ ಅಂತರವನ್ನು ಎರಡು ಲಕ್ಷ ಎಂದೇ ಹಿಡಿದರೂ ಹೆಚ್ಚುವರಿ 27 ಬಿಎಚ್‌ಪಿಗೆ ತಲಾ ಏಳೂವರೆ ಸಾವಿರವೂ ಆಗುವುದಿಲ್ಲ. ಆ ದುಡ್ಡಿಗೆ ಎರಡು ಸಿಲಿಂಡರ್, ಆರು ಗೇರ್, ಆ ವೇಗಕ್ಕೆ ತಕ್ಕ ಬ್ರೇಕ್ ಮತ್ತು ಚಾಸಿಸ್, ಕಂಪನಿಯ ವಾರಂಟಿ ಕೂಡ ಬರುತ್ತವೆ. ಟ್ಯೂನಿಂಗ್ ಖರ್ಚನ್ನು ಕ್ರೆಡಿಟ್ ಕಾರ್ಡಿನ ಕಂತಿಗೆ ಹಾಕಿದವರ ಲೆಕ್ಕ ಇನ್ನೂ ಭಾರ. 50,000 ರೂಪಾಯಿಗೆ ಶೇ 15ರ ಬಡ್ಡಿಯಲ್ಲಿ ಎರಡು ವರ್ಷದ ಕಂತೆಂದರೆ ತಿಂಗಳಿಗೆ ಸುಮಾರು 2,424 ರೂಪಾಯಿ, ಕೊನೆಗೆ ಕಟ್ಟಿದ್ದು 58,000 ದಾಟಿರುತ್ತದೆ.

ಅಷ್ಟು ಕೊಟ್ಟವರಿಗೆ ರಸ್ತೆಯಲ್ಲಿ ಸಿಗುವುದೇನು? ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾಗಬೇಕಾದರೆ ಶಕ್ತಿ ಎಂಟು ಪಟ್ಟಾಗಬೇಕು. ಹಾಗಾಗಿ ಶಕ್ತಿಯನ್ನು ಶೇ 12ರಷ್ಟು ಏರಿಸಿದರೆ ಗರಿಷ್ಠ ವೇಗ ಏರುವುದು ಶೇ 4ರಷ್ಟು. ಗಂಟೆಗೆ 115 ಕಿ.ಮೀ. ಮುಟ್ಟುತ್ತಿದ್ದ ಗಾಡಿ 120ರ ಹತ್ತಿರ ಹೋದೀತು. ನಾಲ್ಕು ಪಥದ ಹೆದ್ದಾರಿಗಳಲ್ಲಿ ಬೈಕ್‌ಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಮಿತಿ 80. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಂತೂ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆಯೇ ಗತಿ. ಹೀಗಾಗಿ ನಾವು ದುಡ್ಡು ಸುರಿದು ಪಡೆಯುವ ಐದು ಕಿಲೋಮೀಟರನ್ನು ಕಾನೂನುಬದ್ಧವಾಗಿ ಬಳಸಬಹುದಾದ ಜಾಗ ಕರ್ನಾಟಕದ ರಸ್ತೆಗಳಲ್ಲಿ ಇಲ್ಲವೇ ಇಲ್ಲ.

‘ನಮಗೆ ಬೇಕಾದದ್ದು ಟಾಪ್ ಸ್ಪೀಡ್ ಅಲ್ಲ, ಪಿಕಪ್’ ಎನ್ನುವವರ ಮಾತಿಗೆ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಅದು ನ್ಯಾಯವಾದ ಬೇಡಿಕೆ. ತೊಡಕಿರುವುದು ಟ್ಯೂನಿಂಗ್‌ನಿಂದ ಶಕ್ತಿ ಹೆಚ್ಚುವ ಜಾಗದಲ್ಲಿ. ಎಂಜಿನ್ ಒಂದು ಸುತ್ತಿಗೆ ಎಷ್ಟು ಗಾಳಿ ಎಳೆದುಕೊಳ್ಳುತ್ತದೆ, ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ, ಇವೆರಡರ ಮೇಲೆ ಅದರ ಶಕ್ತಿ ನಿಂತಿದೆ. ಬಿಸಿ ಕ್ಯಾಮ್ ಎಂದು ಗ್ಯಾರೇಜಿನವರು ಕರೆಯುವ ಕ್ಯಾಮ್ ಹಾಕಿದರೆ ವಾಲ್ವ್‌ಗಳು ಹೆಚ್ಚು ಹೊತ್ತು ತೆರೆದಿರುತ್ತವೆ. ಹೆಚ್ಚಿನ ಆರ್‌ಪಿಎಂನಲ್ಲಿ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ, ಕಡಿಮೆ ಆರ್‌ಪಿಎಂನಲ್ಲಿ ಅದೇ ಎಂಜಿನ್ ಮೊದಲಿಗಿಂತ ಸೊರಗುತ್ತದೆ. ನಮ್ಮ ಓಡಾಟವೆಲ್ಲ ಇರುವುದು 4,000ಕ್ಕಿಂತ ಕೆಳಗೆ. ಇಂಗ್ಲೆಂಡಿನ ಬಿಎಸ್‌ಎ ಗೋಲ್ಡ್ ಸ್ಟಾರ್ ಎಂಬ ಹಳೆಯ ಬೈಕ್ ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ಡಿಬಿಡಿ34 ಮಾದರಿಯ 500 ಸಿಸಿ ಒಂಟಿ ಸಿಲಿಂಡರಿನಿಂದ 40 ಬಿಎಚ್‌ಪಿಯಷ್ಟು ತೆಗೆದಿದ್ದರು. ಅದೇ ಕಾರ್ಖಾನೆಯ ಸಾಧಾರಣ 500ರಲ್ಲಿ ಇದ್ದದ್ದು 23ರ ಆಸುಪಾಸು. ರೇಸಿಗೆ ಅದ್ಭುತ ಯಂತ್ರ. ಆದರೆ ಸಿಗ್ನಲ್‌ನಲ್ಲಿ ನಿಂತರೆ ಐಡ್ಲಿಂಗ್ ಹಿಡಿಯದು, ಎತ್ತರದ ಮೊದಲ ಗೇರಿನಲ್ಲಿ ಗಂಟೆಗೆ 50 ಕಿ.ಮೀ.ವರೆಗೂ ಕ್ಲಚ್ ಅರ್ಧ ಹಿಡಿದೇ ಎಳೆಯಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ಅಂಥ ಎಂಜಿನ್ ಯಾರಿಗೆ ಬೇಕು?

ಇನ್ನೊಂದು ವಾದವಿದೆ: ಮಾಲಿನ್ಯದ ನಿಯಮಕ್ಕಾಗಿ ಕಂಪನಿ ಎಂಜಿನ್ನಿನ ಉಸಿರು ಕಟ್ಟಿಸಿದೆ, ನಾವು ಅದನ್ನು ಬಿಡಿಸುತ್ತೇವಷ್ಟೆ. ಕಾರ್ಬುರೇಟರ್ ಕಾಲದಲ್ಲಿ ಈ ಮಾತಿನಲ್ಲಿ ಹುರುಳಿತ್ತು. ಒಂದು ಜೆಟ್ ಬದಲಿಸಿದರೆ ಗಾಡಿ ಹಗುರಾದ ಅನುಭವ ಆಗುತ್ತಿದ್ದದ್ದು ನಿಜ. ಈಗಿನ ಬಿಎಸ್6 ಎಂಜಿನ್ನಿನಲ್ಲಿ ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ನೋಡಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಇಂಧನವನ್ನು ತಾನೇ ಸರಿದೂಗಿಸುತ್ತದೆ. ಬರಿ ಸೈಲೆನ್ಸರ್ ಬದಲಿಸಿದರೆ ಸದ್ದು ಹೆಚ್ಚುತ್ತದೆ, ಶಕ್ತಿ ಹೆಚ್ಚಿದಂತೆ ಕಿವಿಗೆ ಅನ್ನಿಸುತ್ತದೆ. ಸಿಲಿಂಡರಿನ ಬೋರ್ ಹಿಗ್ಗಿಸುವುದರಿಂದ ಏನು ಸಿಗುತ್ತದೆ ಎಂಬುದಕ್ಕೆ ಕಂಪನಿಯೇ ಪುರಾವೆ ಕೊಟ್ಟಿದೆ. 84 ಮಿ.ಮೀ. ಬೋರಿನ 499 ಸಿಸಿ ಎಂಜಿನ್ 27.2 ಬಿಎಚ್‌ಪಿ ಕೊಡುತ್ತಿತ್ತು. 2013ರ ಕಾಂಟಿನೆಂಟಲ್ ಜಿಟಿಗಾಗಿ ಅದನ್ನು 87 ಮಿ.ಮೀ.ಗೆ ಹಿಗ್ಗಿಸಿ 535 ಸಿಸಿ ಮಾಡಿದಾಗ ಸಿಕ್ಕಿದ್ದು 29.1. ಪ್ರಯೋಗಾಲಯ, ಎಂಜಿನಿಯರ್‌ಗಳ ಪಡೆ, ಹೊಸ ಇಂಧನ ಮ್ಯಾಪ್ ಎಲ್ಲ ಇದ್ದ ಕಾರ್ಖಾನೆಗೇ ದಕ್ಕಿದ್ದು 1.9 ಬಿಎಚ್‌ಪಿ. ಅದಕ್ಕಿಂತ ಬಹಳ ಹೆಚ್ಚು ಕೊಡುತ್ತೇನೆ ಎನ್ನುವ ಗ್ಯಾರೇಜು ಆ ಶಕ್ತಿಯನ್ನು ಎಂಜಿನ್ನಿನ ಆಯಸ್ಸಿನಿಂದಲೇ ಕಡ ತರಬೇಕು. ಕ್ಲಾಸಿಕ್‌ನ ಸ್ಟ್ರೋಕ್ 85.8 ಮಿ.ಮೀ., ಅಂದರೆ ಪಿಸ್ಟನ್ ಓಡುವ ದೂರ ದೊಡ್ಡದು. 6,100 ಆರ್‌ಪಿಎಂ ಬದಲು 7,000 ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಮತ್ತು ಬೇರಿಂಗ್ ಮೇಲೆ ಪಿಸ್ಟನ್ನಿನ ಜಗ್ಗಾಟ ಸುಮಾರು ಶೇ 32ರಷ್ಟು ಹೆಚ್ಚುತ್ತದೆ. ಗಾಳಿಯಿಂದ ತಣಿಯಬೇಕಾದ ಎಂಜಿನ್‌ಗೆ ಹೆಚ್ಚುವರಿ ಶಾಖದ ಕಾಟ ಬೇರೆ. ಈ ಸವಕಳಿಯ ಬಿಲ್ಲು ಟ್ಯೂನಿಂಗ್ ರಸೀದಿಯಲ್ಲಿ ಇರುವುದಿಲ್ಲ.

ರಸೀದಿಯಲ್ಲಿ ಇಲ್ಲದ ಇನ್ನೂ ಕೆಲವು ಬಾಬ್ತುಗಳಿವೆ. ಮೊದಲು ಹೋಗುವುದು ಎಂಜಿನ್ನಿನ ವಾರಂಟಿ. ಆಮೇಲೆ ವಿಮೆ: ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ಬಳಿಕ ಸರ್ವೇಯರ್ ಕಣ್ಣಿಗೆ ಬಿದ್ದರೆ ನಿಮ್ಮ ಗಾಡಿಯ ನಷ್ಟ ಪರಿಹಾರವನ್ನು ಕಡಿತಗೊಳಿಸಲು ಅಥವಾ ನಿರಾಕರಿಸಲು ವಿಮಾ ಕಂಪನಿಗೆ ಕಾರಣ ಸಿಕ್ಕಂತೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂಥ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಸಿಲಿಂಡರಿನ ಸಿಸಿ ಆರ್‌ಸಿಯಲ್ಲಿಯೇ ಇರುವ ವಿವರ. ಕಾನೂನು ಒಪ್ಪದ ಬಿಡಿಭಾಗ ಹಾಕಿ ವಾಹನ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಶಬ್ದ ಮತ್ತು ವಾಯುಮಾಲಿನ್ಯದ ಮಿತಿ ಮೀರಿದರೆ ದಂಡ 10,000ದವರೆಗೆ ಹೋಗುತ್ತದೆ. ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ಕಿತ್ತುಕೊಂಡ ಸೈಲೆನ್ಸರ್‌ಗಳನ್ನು ರೋಡ್ ರೋಲರ್ ಕೆಳಗೆ ಹಾಕಿಸಿದ್ದಾರೆ.

ಮಾರುವಾಗ ಇನ್ನೊಂದು ಪೆಟ್ಟು ಕಾದಿರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಬಂದವನು ಕೇಳುವ ಮೊದಲ ಪ್ರಶ್ನೆ ‘ಎಂಜಿನ್ ಬಿಚ್ಚಿದ್ದೀರಾ?’ ಎಂಬುದು. 1985ರಿಂದ 1996ರವರೆಗೆ ತಯಾರಾದ ಯಮಾಹಾ ಆರ್‌ಎಕ್ಸ್100ನ್ನೇ ನೋಡಿ. ಪೋರ್ಟ್ ಕೆತ್ತಿ, ಸೈಲೆನ್ಸರ್ ಕತ್ತರಿಸಿ ಓಡಿಸಿದ ಗಾಡಿಗಳಿಗೆ ಲೆಕ್ಕವಿಲ್ಲ. ಇಂದು ಒಳ್ಳೆಯ ಬೆಲೆ ಬರುವುದು ಯಾರೂ ಕೈ ಹಾಕದ, ಮೂಲ ಬಿಡಿಭಾಗಗಳಿರುವ ಗಾಡಿಗೆ. 1961ರಲ್ಲಿ ಮೈಸೂರಿನಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳ ವಿಷಯವೂ ಹೀಗೆಯೇ.

‘ಇದು ಪ್ರೀತಿಯ ವಿಷಯ, ಎಲ್ಲದಕ್ಕೂ ಲೆಕ್ಕ ಹಾಕಬೇಕೆ?’ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ನ್ಯೂಜಿಲೆಂಡಿನ ಬರ್ಟ್ ಮನ್ರೋ 1920ರ ಇಂಡಿಯನ್ ಸ್ಕೌಟ್ ಒಂದನ್ನು ದಶಕಗಳ ಕಾಲ ತಿದ್ದುತ್ತ, ಪಿಸ್ಟನ್‌ಗಳನ್ನು ಸ್ವತಃ ಎರಕ ಹೊಯ್ಯುತ್ತ, 1967ರಲ್ಲಿ ಅಮೆರಿಕದ ಬಾನೆವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ 295 ಕಿ.ಮೀ. ಮೀರಿ ಓಡಿಸಿ ದಾಖಲೆ ಬರೆದರು. ಅವರು ಅದಕ್ಕೆ ತೆತ್ತದ್ದು ತಮ್ಮ ಶ್ರಮವನ್ನು, ಗಳಿಸಿದ್ದು ಕೈಯ ಕಸುಬನ್ನು. ಆ ಸುಖ ನಿಮಗೂ ಬೇಕಿದ್ದರೆ ಒಂದು ಹಳೆಯ ಎಂಜಿನ್ ಕೊಂಡು ಬಿಚ್ಚಿ ಕಲಿಯಿರಿ. ಅದಕ್ಕೆ ಹಾಕಿದ ದುಡ್ಡು ವ್ಯರ್ಥ ಎಂದು ನಾನು ಎಂದೂ ಹೇಳೆನು. ಗ್ಯಾರೇಜಿಗೆ ಕೀ ಕೊಟ್ಟು ಸಂಜೆ ಬಂದು ಒಯ್ಯುವವರಿಗೆ ಆ ಕಲಿಕೆ ಸಿಗುವುದಿಲ್ಲ, ಬಿಲ್ಲು ಮಾತ್ರ ಸಿಗುತ್ತದೆ.

ದೊಡ್ಡ ಗಾಡಿಗೆ ತೆರಿಗೆ ಹೆಚ್ಚು ಎಂಬುದೂ ಸತ್ಯ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗೆ ಜಿಎಸ್‌ಟಿ ಶೇ 18, ಅದಕ್ಕೂ ಮೇಲಿನದಕ್ಕೆ ಶೇ 40. 2022ರಲ್ಲಿ ನಿಗದಿಯಾದ ದರದಂತೆ ಥರ್ಡ್ ಪಾರ್ಟಿ ವಿಮೆಗೆ 350 ಸಿಸಿ ಗಾಡಿಯಾದರೆ 1,366 ರೂಪಾಯಿ, ಅದನ್ನು ದಾಟಿದರೆ 2,804. ಟೈರು, ಪೆಟ್ರೋಲು ಕೂಡ ಹೆಚ್ಚೇ. ಆದರೆ ಹೊಸದನ್ನೇ ಕೊಳ್ಳಬೇಕೆಂದೇನೂ ಇಲ್ಲವಲ್ಲ. ಮೂರು ವರ್ಷ ಹಳೆಯದಾದ, ಸರ್ವಿಸ್ ದಾಖಲೆ ಸರಿಯಿರುವ 650ರ ತೆರಿಗೆ ಮತ್ತು ಮೊದಲ ವರ್ಷಗಳ ಬೆಲೆ ಇಳಿಕೆಯನ್ನು ಅದರ ಮೊದಲ ಮಾಲೀಕ ಹೊತ್ತಾಗಿದೆ. ನಿಜವಾಗಿ ಶಕ್ತಿ ಬೇಕಾದವರಿಗೆ ನಾನು ಹೇಳುವ ದಾರಿ ಅದು.

350ನ್ನೇ ಇಟ್ಟುಕೊಳ್ಳುವವರು ಮೊದಲು ವಾಲ್ವ್ ಕ್ಲಿಯರೆನ್ಸ್, ಚೈನು, ಟೈರಿನ ಗಾಳಿ, ಬ್ರೇಕ್ ಹಿಡಿದುಕೊಂಡಿದೆಯೇ ಎಂಬುದನ್ನು ನೋಡಿಸಿ. ಕಳೆದುಹೋದ ಪಿಕಪ್ ಎಷ್ಟೋ ಸಲ ಅಲ್ಲಿಯೇ ಸಿಗುತ್ತದೆ. ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡುವುದು ಅಗ್ಗದ ತಿದ್ದುಪಡಿ: ಉದಾಹರಣೆಗೆ 15ರ ಜಾಗಕ್ಕೆ 14 ಹಾಕಿದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸಿಗುವ ಎಳೆತ ಶೇ 7ರಷ್ಟು ಹೆಚ್ಚುತ್ತದೆ, ಬದಲಿಗೆ ಹೆದ್ದಾರಿಯಲ್ಲಿ ಎಂಜಿನ್ ಅಷ್ಟೇ ಹೆಚ್ಚು ತಿರುಗುತ್ತದೆ. ಇಷ್ಟಾದ ಮೇಲೂ ಟ್ಯೂನಿಂಗ್ ಮಾಡಿಸಿಯೇ ತೀರುತ್ತೇನೆ ಎನ್ನುವವರು ಕಂತಿನ ದುಡ್ಡು ಮುಟ್ಟಬೇಡಿ. ಕೆಲಸಕ್ಕೆ ಮುಂಚೆ ಮತ್ತು ನಂತರ ಒಂದೇ ಡೈನೊ ಮೇಲೆ ತೆಗೆದ ಚೀಟಿಗಳನ್ನು ಕೇಳಿ ಪಡೆಯಿರಿ, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಬಿಚ್ಚಿದ ಮೂಲ ಸೈಲೆನ್ಸರ್ ಮತ್ತು ಫಿಲ್ಟರನ್ನು ಗುಜರಿಗೆ ಕೊಡದೆ ಎತ್ತಿಡಿ.