ಕೈ ಸೋತಾಗ ರಿವಾಲ್ವರ್ ಏಕೆ?

ಪ್ರಶ್ನೆ: ಹೈದರಾಬಾದಿನ ಬೇಗಂ ಬಜಾರ್‌ನಲ್ಲಿ ನಮ್ಮದು ಹಿತ್ತಾಳೆ ಪಾತ್ರೆಗಳ ಸಗಟು ಅಂಗಡಿ. ಹಿರಿಯರು ಬೀದರ್ ಕಡೆಯವರು. ನನಗೀಗ 71. ರಾತ್ರಿ ಗಲ್ಲಾ ಹಣ ಮನೆಗೆ ಒಯ್ಯುವಾಗ ಜೊತೆಗಿರಲೆಂದು ಲೈಸೆನ್ಸ್ ಪಡೆದು .32 ರಿವಾಲ್ವರ್ ಇಟ್ಟುಕೊಂಡಿದ್ದೇನೆ. ಸಂಧಿವಾತದಿಂದ ಬೆರಳುಗಳಲ್ಲಿ ಶಕ್ತಿ ಉಳಿದಿಲ್ಲ, ಟ್ರಿಗರ್ ಎಳೆಯಲಾಗುತ್ತಿಲ್ಲ. ಹಗುರವಾದದ್ದು ಕೊಳ್ಳಲೇ? ಇದರ ಸ್ಪ್ರಿಂಗನ್ನೇ ಸಡಿಲ ಮಾಡಿಸಲೇ? ಇದೆಲ್ಲ ಬೇಡವೆಂದು ಮಗ ಹಟ ಹಿಡಿದಿದ್ದಾನೆ.

ಉತ್ತರ: ಯಜಮಾನರೇ, ಕಷ್ಟಪಟ್ಟು ದುಡಿದ ಹಣ ಹೊತ್ತು ರಾತ್ರಿ ನಡೆಯುವವರ ಭಯ ಸಣ್ಣದಲ್ಲ. ಆದರೆ ನೀವು ಕೇಳಿದ ಎರಡೂ ದಾರಿ ನಿಮ್ಮ ಕೈಗೆ ಒಗ್ಗುವುದಿಲ್ಲ.

ಹಗುರವಾದದ್ದು ಕೈಗೆ ಸುಲಭ ಎಂದು ತೋರುತ್ತದೆ, ಗುಂಡು ಹಾರಿದಾಗ ಹಾಗಿರುವುದಿಲ್ಲ. ಕಾನ್ಪುರದ ಆರ್ಡ್‌ನೆನ್ಸ್ ಕಾರ್ಖಾನೆ 2014ರಲ್ಲಿ ಹೊರತಂದ ‘ನಿರ್ಭೀಕ್’ .32 ರಿವಾಲ್ವರ್ ಸುಮಾರು 500 ಗ್ರಾಂ ತೂಗುತ್ತದೆ. ಗುಂಡು ಅದೇ ಆದಾಗ, ತೂಕ ಕಡಿಮೆಯಾದಷ್ಟೂ ಹಿಂದಕ್ಕೆ ಒದೆಯುವ ಪೆಟ್ಟು ಹೆಚ್ಚು. ನೋವಿರುವ ಮಣಿಕಟ್ಟು ಅದನ್ನು ತಡೆಯದು. ಪಿಸ್ತೂಲಿನ ಕಷ್ಟ ಬೇರೆ. ಗುಂಡು ಕೂರಿಸಲು ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆಯಬೇಕು. .32 ಪಿಸ್ತೂಲುಗಳಲ್ಲಿ ಅದರ ಸ್ಪ್ರಿಂಗ್ ಸಾಮಾನ್ಯವಾಗಿ ಬಿಗಿಯಾಗಿರುತ್ತದೆ. ಹ್ಯಾಮರನ್ನು ಹೆಬ್ಬೆರಳಿನಿಂದ ಮೊದಲೇ ಎಳೆದಿಟ್ಟರೆ ರಿವಾಲ್ವರಿನ ಟ್ರಿಗರ್ ಹಗುರಾಗುವುದು ನಿಜ. ಆದರೆ ಅದನ್ನು ಮರಳಿ ಇಳಿಸುವಾಗ ಬಲವಿಲ್ಲದ ಹೆಬ್ಬೆರಳು ಜಾರಿದರೆ ಗುಂಡು ಹಾರುತ್ತದೆ.

ಸ್ಪ್ರಿಂಗ್ ವಿಷಯಕ್ಕೆ ಕೈ ಹಾಕಲೇಬೇಡಿ. ಹ್ಯಾಮರ್ ಸ್ಪ್ರಿಂಗ್ ಸಡಿಲವಾದರೆ ಬೇಕಾದ ಹೊತ್ತಿಗೆ ಗುಂಡು ಸಿಡಿಯದೇ ಹೋಗಬಹುದು. 1959ರ ಆಯುಧ ಕಾಯ್ದೆಯ ಪ್ರಕಾರ ಬಂದೂಕಿನ ರಿಪೇರಿಗೂ ಮಾರ್ಪಾಡಿಗೂ ಪ್ರತ್ಯೇಕ ಲೈಸೆನ್ಸ್ ಬೇಕು. ಅದಿಲ್ಲದ ಮೆಕ್ಯಾನಿಕ್ ಕೈಗೆ ಕೊಟ್ಟರೆ ನಿಮಗೂ ತೊಂದರೆ, ಅವನಿಗೂ ತೊಂದರೆ.

ಹಾಗಾದರೆ ಏನು ಮಾಡಬೇಕು? ಮೊದಲು ಸಂಧಿವಾತ ತಜ್ಞರನ್ನು ಕಾಣಿ. ಔಷಧ, ಫಿಸಿಯೋಥೆರಪಿಯಿಂದ ಹಿಡಿತ ಎಷ್ಟು ಮರಳುತ್ತದೆ ನೋಡಿ. ಆಮೇಲೆ ಲೈಸೆನ್ಸ್ ಇರುವ ಆಯುಧ ವ್ಯಾಪಾರಿಯ ಬಳಿ, ಗುಂಡಿಲ್ಲವೆಂದು ಇಬ್ಬರೂ ಪರೀಕ್ಷಿಸಿದ ರಿವಾಲ್ವರನ್ನು ಎರಡೂ ಕೈಯಲ್ಲಿ ಹಿಡಿದು ಟ್ರಿಗರ್ ಎಳೆದು ನೋಡಿ. ಕೈಗೆ ತುಂಬುವ ರಬ್ಬರ್ ಹಿಡಿ ಹಾಕಿಸಿದರೆ ಹಿಡಿತ ಸ್ವಲ್ಪ ಸುಧಾರಿಸೀತು. ಆಗಲೂ ನಳಿಗೆ ಅಲುಗಾಡದಂತೆ ಐದಾರು ಸಲ ಎಳೆಯಲಾಗದಿದ್ದರೆ, ಅದನ್ನು ಸೊಂಟದಲ್ಲಿ ಇಟ್ಟುಕೊಂಡು ತಿರುಗುವುದು ನಿಮಗೂ ದಾರಿಹೋಕರಿಗೂ ಅಪಾಯ. ಕಳ್ಳ ಕಿತ್ತುಕೊಂಡರೆ ಅದು ಅವನ ಆಯುಧವಾಗುತ್ತದೆ.

2016ರ ಆಯುಧ ನಿಯಮಗಳು ನಿಮಗೆ ಗೌರವದ ದಾರಿಯೊಂದನ್ನು ತೆರೆದಿವೆ. 70 ವರ್ಷ ತುಂಬಿದ ಅಥವಾ 25 ವರ್ಷ ಆಯುಧ ಇಟ್ಟುಕೊಂಡ ಲೈಸೆನ್ಸ್‌ದಾರರು ಅದನ್ನು ತಮ್ಮ ವಾರಸುದಾರರಿಗೆ ವರ್ಗಾಯಿಸಲು ಕೋರಬಹುದು. ಆ ವಾರಸುದಾರರಿಗೆ 21 ತುಂಬಿರಬೇಕು, ಅವರ ಹೆಸರಿಗೆ ಲೈಸೆನ್ಸ್ ಮಂಜೂರಾಗಬೇಕು. ಮಗನಿಗೆ ಬೇಡವೆಂದಾದರೆ ಲೈಸೆನ್ಸ್ ಇರುವ ವ್ಯಾಪಾರಿಗೆ ಕಾನೂನುಬದ್ಧವಾಗಿ ಮಾರಿಬಿಡಿ.

ನಿಮ್ಮ ಭಯದ ಮೂಲ ನಗದು. ಬ್ಯಾಂಕ್ ಖಾತೆಯಿಂದ ಖಾತೆಗೆ ಹಣ ಕಳಿಸುವ ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಹಗಲು ರಾತ್ರಿ ನಡೆಯುತ್ತಿವೆ. ಖಾಯಂ ಗಿರಾಕಿಗಳಿಂದ ಬ್ಯಾಂಕಿಗೇ ಹಣ ಹಾಕಿಸಿಕೊಳ್ಳಿ. ಉಳಿದ ನಗದನ್ನು ಹಗಲಿನಲ್ಲೇ ಬ್ಯಾಂಕಿಗೆ ಕಟ್ಟಿಸಿ. ರಾತ್ರಿ ಒಬ್ಬರೇ ಹೊರಡಬೇಡಿ, ಮಗನನ್ನು ಕರೆದುಕೊಂಡು ಹೋಗಿ. ಯಾರಾದರೂ ಅಡ್ಡಗಟ್ಟಿದರೆ ಹಣದ ಚೀಲ ಕೊಟ್ಟುಬಿಡಿ. ಹಣ ಮತ್ತೆ ದುಡಿಯಬಹುದು. ಮಗನ ಮಾತಿನಲ್ಲಿರುವುದು ಹಟವಲ್ಲ, ನಿಮ್ಮ ಬಗೆಗಿನ ಕಾಳಜಿ. ಈ ಸಲ ಅವನ ಮಾತು ಕೇಳಿ.