ಒಳಚರಂಡಿಯ ಹೊಗೆ ಪರೀಕ್ಷೆ: ಏಳನೇ ತರಗತಿಯಲ್ಲಿ ಒಂದು ಬೋಧನಾಭ್ಯಾಸ ಪಾಠ

ಬೋಧನಾಭ್ಯಾಸದಲ್ಲಿ ಭದ್ರಾವತಿಯ ಒಂದು ಶಾಲೆಯ ಏಳನೇ ತರಗತಿಗೆ ತ್ಯಾಜ್ಯ ನೀರಿನ ಪಾಠ ಮಾಡುವ ಸರದಿ ನನ್ನದಾಯಿತು. ‘ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿದೆ. ‘ಯುಜಿಡಿಗೆ ಮಿಸ್’ ಎಂದರು. ‘ಆಮೇಲೆ?’ ಎಂದಾಗ ಯಾರೂ ಮಾತಾಡಲಿಲ್ಲ. ನೆಲದಡಿಯ ಪೈಪನ್ನು ಮಕ್ಕಳು ನೋಡಿಲ್ಲ. ಕಾಣದ್ದನ್ನು ಕಾಣಿಸುವ ದಾರಿ ಹುಡುಕಿದಾಗ ಸಿಕ್ಕಿದ್ದೇ ಹೊಗೆ ಪರೀಕ್ಷೆ.

ವಿಷಯ ಪರಿಚಯ

ಒಳಚರಂಡಿಯ ಒಂದು ಗುಂಡಿಯ ಬಾಯಿಗೆ ಬ್ಲೋವರ್ ಇಟ್ಟು, ಪರೀಕ್ಷೆಗೆಂದೇ ತಯಾರಿಸಿದ ಹೊಗೆಯನ್ನು ಕಡಿಮೆ ಒತ್ತಡದಲ್ಲಿ ಪೈಪಿನೊಳಗೆ ತಳ್ಳುತ್ತಾರೆ. ಬಿರುಕು, ಸಡಿಲ ಜೋಡಣೆ, ಅಕ್ರಮ ಸಂಪರ್ಕ ಎಲ್ಲಿದೆಯೋ ಅಲ್ಲಿಂದ ಹೊಗೆ ಮೇಲೇಳುತ್ತದೆ. ತಾರಸಿಯ ಮಳೆನೀರಿನ ಪೈಪಿನಿಂದ ಹೊಗೆ ಬಂದರೆ ಆ ಮನೆಯ ಮಳೆನೀರು ಒಳಚರಂಡಿಗೆ ಸೇರುತ್ತಿದೆ ಎಂದರ್ಥ. ಒದ್ದೆ ಮಣ್ಣು ಹೊಗೆಯನ್ನು ತಡೆಯುವುದರಿಂದ ಈ ಪರೀಕ್ಷೆಗೆ ಒಣ ದಿನಗಳೇ ಬೇಕು.

ಮಲೆನಾಡಿನ ಅಂಚಿನ ನಮ್ಮ ಎರಡೂ ಊರುಗಳಿಗೆ ಇದು ದೂರದ ವಿಷಯವಲ್ಲ. ಮಳೆನೀರು ಒಳಚರಂಡಿಗೆ ನುಗ್ಗಿದರೆ ಪೈಪು ತುಂಬಿ ಗುಂಡಿಗಳು ಉಕ್ಕುತ್ತವೆ. ಉಕ್ಕಿದ ಕೊಳಚೆ ಶಿವಮೊಗ್ಗದಲ್ಲಾದರೆ ತುಂಗೆಯ ಕಡೆಗೆ, ಭದ್ರಾವತಿಯಲ್ಲಾದರೆ ಭದ್ರೆಯ ಕಡೆಗೆ ಹರಿಯುತ್ತದೆ. ಎರಡೂ ನದಿಗಳು ಕೂಡ್ಲಿಯಲ್ಲಿ ಸೇರಿ ತುಂಗಭದ್ರೆಯಾಗಿ ಹರಿಹರದತ್ತ ಸಾಗುತ್ತವೆ. ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಯಲ್ಲಿ ಈ ಎರಡು ಊರುಗಳೂ ಸೇರಿದ್ದವು.

ಚಟುವಟಿಕೆ

ಕಲಿಕೋಪಕರಣಗಳು: ಗಾರೆ ಕೆಲಸದವರು ಬಳಸುವ ಪಾರದರ್ಶಕ ಲೆವೆಲ್ ಪೈಪು, ಪ್ಲಾಸ್ಟಿಕ್ ಬಾಟಲಿ, ಅಗರಬತ್ತಿ, ನೀರು. ಮುಖ್ಯ ಪೈಪಿಗೆ ಎರಡು ಕವಲು ಜೋಡಿಸಿ ಎರಡನ್ನೂ ‘ಯು’ ಆಕಾರಕ್ಕೆ ಬಗ್ಗಿಸಿದೆ. ಒಂದಕ್ಕೆ ನೀರು ಹಾಕಿದೆ, ಇನ್ನೊಂದನ್ನು ಒಣಗಲು ಬಿಟ್ಟೆ. ಮುಖ್ಯ ಪೈಪಿಗೆ ಸೂಜಿಯಿಂದ ಒಂದು ತೂತು ಮಾಡಿದೆ.

ಮೊದಲ ಸಲ ಹೊಗೆ ತುಂಬಿದ ಬಾಟಲಿಯನ್ನು ಜೋರಾಗಿ ಅದುಮಿದೆ. ನೀರು ಚಿಮ್ಮಿ ಮುಂದಿನ ಬೆಂಚಿನವರ ಮೇಲೆ ಬಿತ್ತು. ತರಗತಿ ನಕ್ಕಿತು. ಎರಡನೇ ಸಲ ಮೆಲ್ಲಗೆ ಅದುಮಿದಾಗ ಒಣ ಕವಲಿನಿಂದಲೂ ತೂತಿನಿಂದಲೂ ಹೊಗೆ ಬಂತು. ನೀರಿದ್ದ ಕವಲಿನಿಂದ ಬರಲಿಲ್ಲ. ತಪ್ಪಾದ ಮೊದಲ ಪ್ರಯತ್ನವೇ ಒತ್ತಡದ ಪಾಠವಾಯಿತು. 50 ಮಿಲಿಮೀಟರ್ ನೀರಿನ ತಡೆ ತಾಳಿಕೊಳ್ಳುವುದು ವಾತಾವರಣದ ಒತ್ತಡದ ಸುಮಾರು 200ರಲ್ಲಿ ಒಂದು ಭಾಗವನ್ನು ಮಾತ್ರ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಪೇಟೆಂಟ್ ಪಡೆದ ಶೌಚಾಲಯದಲ್ಲೂ ಇದೇ ತತ್ತ್ವದ ಬಾಗಿದ ಕೊಳವೆಯಿತ್ತು ಎಂದು ಹೇಳಿದೆ.

ನಿವಾಸಿಗಳು ತಿಳಿದಿರಬೇಕಾದುದು

ಇವನ್ನು ಮಕ್ಕಳೇ ಚಟುವಟಿಕೆಯಿಂದ ಊಹಿಸಿದರು, ಬಿಟ್ಟುಹೋದದ್ದನ್ನು ನಾನು ಸೇರಿಸಿದೆ.

1. ಪರೀಕ್ಷೆಯ ಸೂಚನೆ ಬಂದರೆ, ಬಳಸದ ಬಚ್ಚಲಿನ ಜಾಲರಿಗೂ ಸಿಂಕಿಗೂ ಹಿಂದಿನ ದಿನ ಒಂದೆರಡು ಚೊಂಬು ನೀರು ಹಾಕಬೇಕು.
2. ತಾರಸಿಯ ಗಾಳಿ ಪೈಪಿನಿಂದ ಹೊಗೆ ಬರುವುದು ಸಹಜ, ಗಾಬರಿ ಬೇಡ.
3. ಕೋಣೆಯೊಳಗೆ ಹೊಗೆ ಬಂದರೆ ಕಿಟಕಿ ತೆರೆದು ಹೊರಗೆ ಬಂದು ಸಿಬ್ಬಂದಿಗೆ ಜಾಗ ತೋರಿಸಬೇಕು. ಹೊಗೆ ಬಂದ ದಾರಿಯಲ್ಲಿ ಕೊಳಚೆಯ ಅನಿಲವೂ ಬರುತ್ತದೆ.
4. ಆಸ್ತಮಾ ಇರುವವರು, ಹಾಸಿಗೆ ಹಿಡಿದವರು ಮನೆಯಲ್ಲಿದ್ದರೆ ಮೊದಲೇ ತಿಳಿಸಬೇಕು.
5. ಸೂಚನೆಯಿಲ್ಲದ ಹೊಗೆಯನ್ನು ಪರೀಕ್ಷೆ ಎಂದುಕೊಳ್ಳಬಾರದು, 112ಕ್ಕೆ ಕರೆ ಮಾಡಬೇಕು.

ಯೋಜನೆಯಲ್ಲಿ ಇಲ್ಲದ ಪ್ರಶ್ನೆ

ಪಾಠ ಮುಗಿಯುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: ‘ಮಿಸ್, ಹಾಗಾದ್ರೆ ಗುಂಡಿ ಒಳಗೆ ಯಾರೂ ಇಳಿಯೋದು ಬೇಡ್ವಾ? ನಮ್ಮಪ್ಪ ಅದೇ ಕೆಲಸಕ್ಕೆ ಹೋಗ್ತಾರೆ.’ ಗಂಟೆ ಹೊಡೆಯುತ್ತಿತ್ತು. ‘ಬೇಡಮ್ಮ’ ಎಂದುಬಿಟ್ಟೆ.

ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ಚಟುವಟಿಕೆಯನ್ನು ಮೆಚ್ಚಿದರು. ಆಮೇಲೆ, ‘ಆ ಮಗುವಿಗೆ ನೀವು ಕೊಟ್ಟ ಉತ್ತರ ಪೂರ್ತಿ ನಿಜವೇ?’ ಎಂದು ಕೇಳಿದರು. ನಿಜವಾಗಿರಲಿಲ್ಲ. ಹೊಗೆ ಸೋರಿಕೆಯ ಜಾಗವನ್ನು ತೋರಿಸುತ್ತದೆ, ಕಟ್ಟಿಕೊಂಡ ಪೈಪನ್ನು ಬಿಡಿಸುವುದಿಲ್ಲ. ಅದಕ್ಕೆ ಜೆಟ್ಟಿಂಗ್ ಯಂತ್ರ ಬೇಕು.

ಮರುದಿನ ಮೊದಲ ಹತ್ತು ನಿಮಿಷ ಅದಕ್ಕೇ ಕೊಟ್ಟೆ. ‘ನಿನ್ನೆ ನಾನು ಅರ್ಧ ಉತ್ತರ ಹೇಳಿದ್ದೆ’ ಎಂದು ಶುರು ಮಾಡಿದೆ. ಗುಂಡಿಯಲ್ಲಿ ಸೇರುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ, ಆದ್ದರಿಂದ ವಾಸನೆಯಿಲ್ಲ ಎಂದು ಇಳಿಯುವುದು ಅಪಾಯ ಎಂದು ವಿವರಿಸಿದೆ. ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಒಳಚರಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ ಎಂದೂ ಹೇಳಿದೆ. ಆ ಹುಡುಗಿ ಕಾಯ್ದೆಯ ವರ್ಷವನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು.

ಹಿಮ್ಮಾಹಿತಿ

ಈ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳು ಕಿಟಕಿ ತೆರೆದಿಟ್ಟು ಪ್ರಯೋಗ ಮಾಡಲಿ, ಬಾಟಲಿಯನ್ನು ಮೆಲ್ಲಗೆ ಅದುಮಲಿ. ಪಾಠಯೋಜನೆಯಲ್ಲಿ ಕೊನೆಯ ಹತ್ತು ನಿಮಿಷವನ್ನು ಮಕ್ಕಳ ಪ್ರಶ್ನೆಗೆ ಖಾಲಿ ಬಿಡಲಿ. ತ್ಯಾಜ್ಯ ನೀರು ಕೆಲವು ಮಕ್ಕಳಿಗೆ ಪಾಠವಾದರೆ, ಇನ್ನು ಕೆಲವರಿಗೆ ಅದು ಮನೆಯವರ ದುಡಿಮೆ. ಉತ್ತರ ಹೇಳುವ ಮುನ್ನ ಅದು ನೆನಪಿರಬೇಕೆಂದು ನಾನು ಕಲಿತೆ.