ನೋವಿಲ್ಲದ ಕಾಯಿಲೆ

"ನಂಗೇನೂ ಆಗಿಲ್ಲ. ಚೆನ್ನಾಗೇ ಇದ್ದೀನಿ. ಮಾತ್ರೆ ಯಾಕೆ?" ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರು ಹೇಳಿದ ಮೇಲೂ ನಮ್ಮಲ್ಲಿ ಬಹಳ ಜನ ಹೀಗೇ ಅನ್ನುತ್ತೇವೆ. ಒಂದು ತಿಂಗಳು ಮಾತ್ರೆ ನುಂಗುತ್ತೇವೆ. ಆಮೇಲೆ ಬಿಟ್ಟುಬಿಡುತ್ತೇವೆ. ಹಲ್ಲು ನೋವು ಬಂದರೆ ಬೆಳಗಾಗುವುದನ್ನೇ ಕಾದು ಆಸ್ಪತ್ರೆಗೆ ಓಡುತ್ತೇವೆ. ಸಕ್ಕರೆ ಕಾಯಿಲೆ ನೋಯುವುದಿಲ್ಲ. ಅದಕ್ಕೇ ಅದು ನಮ್ಮನ್ನು ಮೋಸ ಮಾಡುತ್ತದೆ.

ಈ ಕಾಯಿಲೆ ಅಂದರೆ ಏನು?

ನಾವು ಮುದ್ದೆ ತಿಂದರೂ, ಅನ್ನ ತಿಂದರೂ, ಅದು ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗುತ್ತದೆ. ಆ ಸಕ್ಕರೆ ರಕ್ತಕ್ಕೆ ಸೇರುತ್ತದೆ. ರಕ್ತದಿಂದ ಅದು ಮೈಗೆ ಸೇರಲು ಇನ್ಸುಲಿನ್ ಎಂಬ ರಸ ಬೇಕು. ಹೊಟ್ಟೆಯ ಹಿಂದೆ ಇರುವ ಮೇದೋಜೀರಕ ಗ್ರಂಥಿ ಈ ರಸವನ್ನು ತಯಾರಿಸುತ್ತದೆ. ರಸ ಕಡಿಮೆಯಾದರೆ, ಅಥವಾ ಇದ್ದೂ ಸರಿಯಾಗಿ ಕೆಲಸ ಮಾಡದಿದ್ದರೆ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ.

ಕೆಲವರಿಗೆ ಬಾಯಾರಿಕೆ, ಸುಸ್ತು, ಪದೇ ಪದೇ ಮೂತ್ರಕ್ಕೆ ಹೋಗುವುದು, ಕೆಳಗೆ ತುರಿಕೆ ಕಾಣಿಸುತ್ತದೆ. ಕೆಲವರಿಗೆ ಏನೂ ಕಾಣಿಸೋದಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೇ ಗೊತ್ತಾಗೋದು. ಖಾಲಿ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಸರಿ. 126 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು. ಮತ್ತೆ ಅಷ್ಟೇ ಬಂದರೆ ಸಕ್ಕರೆ ಕಾಯಿಲೆ. ಈ ಅಂಕಿ ಚೀಟಿಯಲ್ಲಿ ಬರೆದಿರುತ್ತದೆ. ಈಗ ನಮಗೆ ಓದೋಕೆ ಬರುತ್ತಲ್ಲ, ನಾವೇ ಓದೋಣ.

30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಪರೀಕ್ಷೆ ಮಾಡುತ್ತಾರೆ. ಬಸುರಿಯರಂತೂ ಮಾಡಿಸಲೇಬೇಕು. 2023ರಲ್ಲಿ ಹೊರಬಂದ ಒಂದು ಲೆಕ್ಕದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ಇದು ಸಾಹುಕಾರರ ಕಾಯಿಲೆ ಅನ್ನೋ ಮಾತು ಇನ್ನು ಬೇಡ.

ಕಾಲು ನೋಡಿಕೊಳ್ಳೋಣ

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಕಣ್ಣು, ಮೂತ್ರಪಿಂಡ, ಹೃದಯ ಹಾಳಾಗುತ್ತವೆ. ಕಾಲಿನ ನರಗಳೂ ಸಾಯುತ್ತವೆ. ಆಗ ಕಾಲಿಗೆ ಸ್ಪರ್ಶವೇ ತಿಳಿಯೋದಿಲ್ಲ. ನಮ್ಮ ಕಲಿಕೆಯ ಗುಂಪಿನ ಒಬ್ಬ ಅಜ್ಜಿ ಹೊಲದಿಂದ ಬಂದರು. ಅಂಗಾಲಲ್ಲಿ ಜಾಲಿ ಮುಳ್ಳು ಮುರಿದು ಕೂತಿತ್ತು. ಅವರಿಗೆ ಗೊತ್ತೇ ಇರಲಿಲ್ಲ. ಮೊಮ್ಮಗಳು ನೋಡಿ ಹೇಳಿದಳು. ಅಂಥ ಗಾಯ ಕೀವಾಗಿ, ಕೊಳೆತು, ಕಾಲನ್ನೇ ಕತ್ತರಿಸಬೇಕಾಗಿ ಬರಬಹುದು.

ಸಕ್ಕರೆ ಕಾಯಿಲೆ ಇರುವವರು ದಿನಾ ಸಂಜೆ ಕಾಲು ತೊಳೆದು, ಒರೆಸಿ, ಬೆರಳ ಸಂದಿಯನ್ನೂ ನೋಡಬೇಕು. ಅಂಗಾಲು ಕಾಣದಿದ್ದರೆ ಕನ್ನಡಿ ಹಿಡಿಯಿರಿ. ಬರಿಗಾಲಲ್ಲಿ ನಡೆಯಬೇಡಿ. ಬಿಸಿನೀರನ್ನು ಮೊಣಕೈಯಿಂದ ಮುಟ್ಟಿ ನೋಡಿ, ಆಮೇಲೆ ಕಾಲಿಗೆ ಹಾಕಿ. ಸಣ್ಣ ಗಾಯವಾದರೂ ಅರಿಶಿನ ಹಚ್ಚಿ ಸುಮ್ಮನಿರಬೇಡಿ, ಆಸ್ಪತ್ರೆಗೆ ತೋರಿಸಿ.

ಊಟ, ಉಪವಾಸ, ಮಾತ್ರೆ

"ರಾಗಿ ಎಷ್ಟು ತಿಂದರೂ ಏನಾಗಲ್ಲ" ಅಂತಾರೆ. ರಾಗಿಯೂ ಕರಗಿದ ಮೇಲೆ ಸಕ್ಕರೆಯೇ. ಎರಡು ದೊಡ್ಡ ಮುದ್ದೆಯ ಬದಲು ಒಂದು ಸಣ್ಣ ಮುದ್ದೆ ಇರಲಿ. ಸೊಪ್ಪು, ಕಾಳು ಜಾಸ್ತಿ ಇರಲಿ. ಬೆಲ್ಲವೂ ಸಕ್ಕರೆಯಂತೆಯೇ. ಎಲ್ಲರ ಊಟ ಆದ ಮೇಲೆ ಮಿಕ್ಕ ಅನ್ನ ಚೆಲ್ಲಬಾರದು ಅಂತ ತಿನ್ನುವವರು ನಾವೇ ಅಲ್ಲವೇ? ಅದನ್ನು ನಿಲ್ಲಿಸಬೇಕು. ಅಕ್ಕಿ ಅಳೆದು ಹಾಕುವಾಗಲೇ ಒಂದು ಹಿಡಿ ಕಡಿಮೆ ಹಾಕೋಣ.

ಇನ್ಸುಲಿನ್ ಸೂಜಿ ಅಂದರೆ ಕೊನೆಗಾಲ ಬಂತು ಅಂತ ಹೆದರುವವರಿದ್ದಾರೆ. 1922ರಲ್ಲಿ ಕೆನಡಾ ದೇಶದಲ್ಲಿ ಸಾಯುವ ಸ್ಥಿತಿಯಲ್ಲಿದ್ದ 14 ವರ್ಷದ ಹುಡುಗ ಈ ಮದ್ದಿನಿಂದಲೇ ಚೇತರಿಸಿಕೊಂಡ.

ಮಾತ್ರೆಯನ್ನಾಗಲಿ, ಸೂಜಿಯನ್ನಾಗಲಿ ನಾವಾಗಿಯೇ ಬಿಡಬಾರದು. ಹಾಗೆಯೇ ಮದ್ದು ತೆಗೆದುಕೊಂಡು ಹಸಿದೂ ಇರಬಾರದು. ಶನಿವಾರ, ಸಂಕಷ್ಟಿ ಅಂತ ಉಪವಾಸ ಮಾಡುವವರು ಮೊದಲೇ ಡಾಕ್ಟರನ್ನು ಕೇಳಬೇಕು. ಸಕ್ಕರೆ ತೀರಾ ಇಳಿದರೆ ಕೈ ನಡುಗುತ್ತದೆ, ಬೆವರುತ್ತದೆ, ಕಣ್ಣು ಕತ್ತಲಾಗುತ್ತದೆ. ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. ಆಗ ಮಾತ್ರ ಸಕ್ಕರೆಯೇ ಮದ್ದು. ಸ್ವಲ್ಪ ಹೊತ್ತಿಗೆ ಊಟ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.